ಬಗೆಹರಿಯದ ಅಪರಾಧಗಳ ವರದಿಯಿರುವ ಹಳೆಯ ಪತ್ರಿಕೆಗಳ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಅಪರಾಧಿ ಯಾರೆಂದು ಇಂದಿಗೂ ತಿಳಿಯದ ಪ್ರಕರಣಗಳ ಪತ್ರಿಕೆಗಳಿಗೇ ಸಂಗ್ರಹಕಾರರು ಏಕೆ ಹೆಚ್ಚು ಮನಸೋಲುತ್ತಾರೆ?

ಬಗೆಹರಿದ ಪ್ರಕರಣದಲ್ಲಿ ತೀರ್ಪಿನ ಮರುದಿನದ ಸಂಚಿಕೆಯೇ ಎಲ್ಲಕ್ಕಿಂತ ಮೇಲಾಗಿಬಿಡುತ್ತದೆ. ಅದಕ್ಕೂ ಮುಂಚಿನ ಸಂಚಿಕೆಗಳೆಲ್ಲ ಅದರ ಪೀಠಿಕೆಯಂತೆ ಕಾಣತೊಡಗುತ್ತವೆ. ಬಗೆಹರಿಯದ ಪ್ರಕರಣಕ್ಕೆ ಅಂಥ ಕೊನೆಯ ಸಂಚಿಕೆಯೇ ಇರುವುದಿಲ್ಲ. ಆದ್ದರಿಂದ ಮೊದಲ ದಿನದ ಗೊಂದಲ, ಎರಡನೆಯ ವಾರದ ಊಹಾಪೋಹ, ತಿಂಗಳ ನಂತರದ ಬೇಸರ, ಎಲ್ಲವೂ ತಮ್ಮ ತಮ್ಮ ತೂಕವನ್ನು ಉಳಿಸಿಕೊಳ್ಳುತ್ತವೆ. ಈ ಬಗೆಯ ಪತ್ರಿಕೆಯನ್ನು ಅಪರಾಧದ ದಾಖಲೆ ಎಂದುಕೊಂಡು ಕೊಳ್ಳುವವರಿಗೆ ಬಹುಪಾಲು ನಿರಾಸೆಯೇ ಆಗುತ್ತದೆ, ಏಕೆಂದರೆ ಅದು ದಾಖಲಿಸಿರುವುದು ಆ ದಿನ ಆ ಊರಿನ ಜನ ಏನನ್ನು ನಿಜವೆಂದು ನಂಬಿದ್ದರು ಎಂಬುದನ್ನು. 1888ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಲಂಡನ್ನಿನ 'ದಿ ಸ್ಟಾರ್' ಸಂಜೆಪತ್ರಿಕೆ ಆ ನಗರದ ವೈಟ್‌ಚಾಪೆಲ್ ಬಡಾವಣೆಯ ಕೊಲೆಗಳನ್ನು 'ಲೆದರ್ ಏಪ್ರನ್' ಎಂಬ ಅಡ್ಡಹೆಸರಿನ ವ್ಯಕ್ತಿಯ ತಲೆಗೆ ಕಟ್ಟಿತು. ಆ ಹೆಸರಿನಿಂದ ಕರೆಯಲ್ಪಡುತ್ತಿದ್ದನೆನ್ನಲಾದ ಜಾನ್ ಪೈಜರ್ ಸೆಪ್ಟೆಂಬರ್ 10ರಂದು ಬಂಧನಕ್ಕೊಳಗಾದ, ಕೊಲೆ ನಡೆದಾಗ ತಾನು ಬೇರೆಡೆ ಇದ್ದುದನ್ನು ತೋರಿಸಿಕೊಟ್ಟು ಹೊರಬಂದ. ವರದಿ ಸುಳ್ಳಾಯಿತು, ಸಂಚಿಕೆ ಮಾತ್ರ ಬೆಲೆಬಾಳುವಂಥದ್ದಾಗಿಯೇ ಉಳಿದಿದೆ.

ಯಾವ ಪ್ರಕರಣಗಳ ಸಂಚಿಕೆಗಳಿಗೆ ಬೇಡಿಕೆ ಹೆಚ್ಚು?

ಜ್ಯಾಕ್ ದಿ ರಿಪ್ಪರ್‌ನದೆಂದು ಹೇಳುವ 1888ರ ವೈಟ್‌ಚಾಪೆಲ್ ಕೊಲೆಗಳದು ಮೊದಲ ಸ್ಥಾನ. ಅದರ ಹತ್ತಿರಕ್ಕೂ ಬೇರೆ ಪ್ರಕರಣ ಬರುವುದಿಲ್ಲ. ಅದರ ನಂತರ 1892ರ ಆಗಸ್ಟ್ 4ರಂದು ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್‌ನಲ್ಲಿ ನಡೆದ ಬೋರ್ಡನ್ ದಂಪತಿಯ ಕೊಲೆ, 1918-19ರ ನ್ಯೂ ಆರ್ಲಿಯನ್ಸ್ ಕೊಡಲಿ ಕೊಲೆಗಳು, 1922ರ ಫೆಬ್ರುವರಿಯಲ್ಲಿ ಹಾಲಿವುಡ್ ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರ್‌ನ ಕೊಲೆ, 1947ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಬ್ಲ್ಯಾಕ್ ಡೇಲಿಯಾ ಕೊಲೆ ಪ್ರಕರಣ, ಕ್ಯಾಲಿಫೋರ್ನಿಯದ ಕೊಲೆಗಾರನೊಬ್ಬ ಪತ್ರಿಕೆಗಳಿಗೆ ಬರೆದ 1969ರ ಜೋಡಿಯಾಕ್ ಪತ್ರಗಳು, 1971ರ ನವೆಂಬರ್ 24ರ ಡಿ. ಬಿ. ಕೂಪರ್ ವಿಮಾನ ಅಪಹರಣ ಇವು ಹೆಚ್ಚಾಗಿ ಹುಡುಕಾಟಕ್ಕೆ ಒಳಗಾಗುವಂಥವು. ನೂರು ವರ್ಷ ದಾಟಿದ್ದನ್ನೇ ಪುರಾತನ ವಸ್ತು ಎಂದು ಪರಿಗಣಿಸುವ ರೂಢಿಯ ಪ್ರಕಾರ ಕೊನೆಯ ಮೂರೂ ಪುರಾತನವಲ್ಲ, ಆದರೆ ಸಂಗ್ರಹಕಾರರು ಆ ಗೆರೆಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಹೊಸದಾಗಿ ಆರಂಭಿಸುವವರು ಒಂದೇ ಪ್ರಕರಣವನ್ನು ಹಿಡಿದು ಅದರ ಸಂಚಿಕೆಗಳನ್ನು ದಿನಾಂಕದ ಕ್ರಮದಲ್ಲಿ ಕೂಡಿಸುವುದು ಲೇಸು. ಹತ್ತು ಪ್ರಕರಣಗಳ ಒಂದೊಂದು ಮುಖಪುಟಕ್ಕಿಂತ ಒಂದು ಪ್ರಕರಣದ ಹತ್ತು ದಿನಗಳ ಸರಣಿ ಓದುವುದಕ್ಕೂ ರುಚಿಸುತ್ತದೆ, ಮುಂದೆ ಮಾರುವುದಾದರೂ ಸುಲಭ.

'ಮೊದಲ ವರದಿ' ಎಂದು ಮಾರಾಟಗಾರರು ಹೇಳುವ ಸಂಚಿಕೆಯನ್ನು ಪರಿಶೀಲಿಸುವುದು ಹೇಗೆ?

ಆ ದಿನದಂದು ಏನು ಗೊತ್ತಿರಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ರಿಪ್ಪರ್ ಪ್ರಕರಣದ ಮೇರಿ ಆ್ಯನ್ ನಿಕೋಲ್ಸ್ ಕೊಲೆಯಾದದ್ದು 1888ರ ಆಗಸ್ಟ್ 31ರ ನಸುಕಿನಲ್ಲಿ. 'ಜ್ಯಾಕ್ ದಿ ರಿಪ್ಪರ್' ಎಂಬ ಸಹಿಯಿದ್ದ ಪತ್ರಕ್ಕೆ ಸೆಪ್ಟೆಂಬರ್ 25ರ ದಿನಾಂಕವಿದೆ. ಅದು ಹೋದದ್ದು ಲಂಡನ್ನಿನ ಒಂದು ಸುದ್ದಿ ಸಂಸ್ಥೆಗೆ, ಆ ಹೆಸರು ಪತ್ರಿಕೆಗಳಲ್ಲಿ ಹರಡಿದ್ದು ಅಕ್ಟೋಬರ್ 1ರಿಂದ. ಹಾಗಾಗಿ ಸೆಪ್ಟೆಂಬರ್ 1ರ ನಿಜವಾದ ಸಂಚಿಕೆಯೊಂದನ್ನು ಕೈಗೆ ತೆಗೆದುಕೊಂಡರೆ ಅದರಲ್ಲಿ ರಿಪ್ಪರ್ ಎಂಬ ಮಾತೇ ಇರುವುದಿಲ್ಲ. ಒಳಪುಟವೊಂದರ ಅಂಕಣದಲ್ಲಿ, ಸಣ್ಣ ಅಕ್ಷರಗಳಲ್ಲಿ, ಬಕ್ಸ್ ರೋ ಎಂಬ ಬೀದಿಯಲ್ಲಿ ಮಹಿಳೆಯೊಬ್ಬಳ ಶವ ಸಿಕ್ಕಿತೆಂಬ ವರದಿ ಇರುತ್ತದೆ. ಅದರ ಸುತ್ತ ಮಾರುಕಟ್ಟೆಯ ದರ, ಹಡಗುಗಳ ಆಗಮನ, ನ್ಯಾಯಾಲಯದ ಚಿಲ್ಲರೆ ಮೊಕದ್ದಮೆಗಳು. ಆ ದಿನಾಂಕದ ಹಾಳೆಯಲ್ಲಿ ರಿಪ್ಪರ್ ಎಂಬ ದೊಡ್ಡ ಶೀರ್ಷಿಕೆ ಕಂಡರೆ ಅದನ್ನು ಕೆಳಗಿಟ್ಟು ಎದ್ದುಬರಬಹುದು.

ಲಾಸ್ ಏಂಜಲೀಸ್ ಪ್ರಕರಣಕ್ಕೂ ಇದೇ ಮಾತು ಸಲ್ಲುತ್ತದೆ. ಎಲಿಜಬೆತ್ ಶಾರ್ಟ್‌ಳ ಶವ ಪತ್ತೆಯಾದದ್ದು 1947ರ ಜನವರಿ 15ರ ಬೆಳಿಗ್ಗೆ, ಬೆರಳಚ್ಚಿನಿಂದ ಗುರುತು ಹತ್ತಿದ್ದು ಮರುದಿನ. ಅಂದರೆ 16ರ ಬೆಳಗಿನ ಪತ್ರಿಕೆಗಳಿಗೆ ಅವಳು ಇನ್ನೂ ಹೆಸರಿಲ್ಲದ ಯುವತಿ. 'ಬ್ಲ್ಯಾಕ್ ಡೇಲಿಯಾ' ಎಂಬ ಬಿರುದು ಅಂಟಿಕೊಂಡದ್ದು ಅನಂತರ. ಹೆಸರಿಲ್ಲದ ಆ ಸಂಚಿಕೆಗಳನ್ನು ಮಾರಾಟಗಾರರೇ ಎಷ್ಟೋ ಸಲ ಗುರುತಿಸದೆ ಬಿಟ್ಟಿರುತ್ತಾರೆ. ದಿನಾಂಕಗಳನ್ನು ಬಾಯಿಪಾಠ ಮಾಡಿಕೊಂಡವರಿಗೆ ದಕ್ಕುವ ಲಾಭವಿದು.

ಸುದ್ದಿ ಮುಖಪುಟದಲ್ಲಿ ಇಲ್ಲದಿದ್ದರೆ ಸಂಚಿಕೆಗೆ ಬೆಲೆ ಕಡಿಮೆಯೇ?

ಪತ್ರಿಕೆ ಯಾವುದು, ಕಾಲ ಯಾವುದು ಎಂಬುದನ್ನು ಅವಲಂಬಿಸಿದೆ. ಲಂಡನ್ನಿನ 'ದಿ ಟೈಮ್ಸ್' 1966ರ ಮೇ 3ರವರೆಗೂ ಮುಖಪುಟವನ್ನು ಜಾಹೀರಾತಿಗೇ ಬಿಟ್ಟುಕೊಟ್ಟಿತ್ತು, ಆದ್ದರಿಂದ 1888ರ ಟೈಮ್ಸ್‌ನಲ್ಲಿ ಕೊಲೆಯ ಸುದ್ದಿ ಒಳಪುಟದಲ್ಲಿರುವುದು ಕೊರತೆಯಲ್ಲ, ಅದೇ ಸಹಜ. ಇದಕ್ಕೆ ತದ್ವಿರುದ್ಧವಾದದ್ದು 1864ರಿಂದ 1938ರವರೆಗೆ ನಡೆದ 'ಇಲಸ್ಟ್ರೇಟೆಡ್ ಪೊಲೀಸ್ ನ್ಯೂಸ್' ವಾರಪತ್ರಿಕೆ. ಹೆಸರಿನಲ್ಲಿ ಪೊಲೀಸ್ ಇದ್ದರೂ ಇಲಾಖೆಗೂ ಅದಕ್ಕೂ ಸಂಬಂಧವಿರಲಿಲ್ಲ. ಮುಖಪುಟದ ತುಂಬ ಕೊಲೆ, ಅಪಘಾತ, ಆತ್ಮಹತ್ಯೆಗಳ ಚಿತ್ರಗಳನ್ನು ಕೊರೆದು ಒಂದು ಪೆನ್ನಿ ನಾಣ್ಯಕ್ಕೆ ಮಾರುತ್ತಿತ್ತು. 1888ರ ಶರತ್ಕಾಲದ ಅದರ ಮುಖಪುಟಗಳು ಇಂದು ದುಬಾರಿಯಾಗಿರುವುದು ಚಿತ್ರಗಳಿಗಾಗಿಯೇ ಹೊರತು ಮಾಹಿತಿಗಾಗಿ ಅಲ್ಲ. ಚಿತ್ರಕಾರ ಸ್ಥಳವನ್ನು ನೋಡಿ ಬರೆದನೋ ಕಲ್ಪಿಸಿಕೊಂಡು ಬರೆದನೋ ಎಂಬುದನ್ನು ಆ ಪತ್ರಿಕೆಯ ಮಟ್ಟಿಗೆ ಯಾರೂ ಕೇಳಬಾರದು.

ನೂರು ವರ್ಷದ ಪತ್ರಿಕೆ ಪುಡಿಯಾಗುತ್ತಿದೆ, ಇನ್ನೂರು ವರ್ಷದ್ದು ಗಟ್ಟಿಯಾಗಿದೆ. ಇದು ಹೇಗೆ ಸಾಧ್ಯ?

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಕಾಗದವನ್ನು ಹತ್ತಿ ಮತ್ತು ನಾರುಬಟ್ಟೆಯ ಚಿಂದಿಗಳಿಂದ ತಯಾರಿಸುತ್ತಿದ್ದರು. ಅದರ ಎಳೆ ಉದ್ದ, ಹುಳಿ ಕಡಿಮೆ, ಬಾಳಿಕೆ ಶತಮಾನಗಳದು. 1870ರ ಸುಮಾರಿನಿಂದ ಮರವನ್ನು ಅರೆದು ಮಾಡಿದ ಅಗ್ಗದ ತಿರುಳು ಪತ್ರಿಕೆಗಳಿಗೆ ಬಂತು. ಅದರಲ್ಲಿ ಉಳಿದುಬಿಡುವ, ಮರದ ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಬೆಳಕು ಮತ್ತು ಗಾಳಿ ತಾಗಿ ಹಳದಿಯಾಗುತ್ತದೆ, ಕಾಗದಕ್ಕೆ ಬಿಗಿ ಬರಲೆಂದು ಸೇರಿಸಿದ ಪಟಿಕ ಆಮ್ಲವನ್ನು ಹುಟ್ಟಿಸುತ್ತದೆ, ಆ ಆಮ್ಲ ಎಳೆಗಳನ್ನು ತುಂಡರಿಸುತ್ತದೆ. ಹಾಗಾಗಿ 1841ರ ಬೇಸಿಗೆಯಲ್ಲಿ ನ್ಯೂಯಾರ್ಕ್ ಪತ್ರಿಕೆಗಳು ಬೆನ್ನುಹತ್ತಿದ ಮೇರಿ ರಾಜರ್ಸ್ ಪ್ರಕರಣದ ಸಂಚಿಕೆಯನ್ನು ಇಂದಿಗೂ ನಿರಾತಂಕವಾಗಿ ಬಿಡಿಸಿ ಓದಬಹುದು, 1922ರ ಟೇಲರ್ ಕೊಲೆಯ ಸಂಚಿಕೆಯನ್ನು ಬಿಡಿಸುವಾಗ ಮಡಿಕೆಯ ಗೆರೆಯುದ್ದಕ್ಕೂ ಹಪ್ಪಳದಂತೆ ಮುರಿದೀತೆಂಬ ಭಯ. ಕೊಳ್ಳುವ ಮುನ್ನ ಮಡಿಕೆ ಕೂಡುವ ನಡುಬಿಂದುವಿನ ಚಿತ್ರವನ್ನು ಮಾರಾಟಗಾರರಿಂದ ಕೇಳಿ ಪಡೆಯಬೇಕು. ಹಾಳೆ ಮೊದಲು ಸೋಲುವುದು ಅಲ್ಲಿಯೇ.

ಮರುಮುದ್ರಣವನ್ನೂ ನಕಲನ್ನೂ ಗುರುತಿಸುವುದು ಹೇಗೆ?

ಪ್ರಸಿದ್ಧ ಸಂಚಿಕೆಗಳು ಮೋಸದ ಉದ್ದೇಶವಿಲ್ಲದೆಯೇ ಮತ್ತೆ ಮತ್ತೆ ಅಚ್ಚಾಗಿವೆ ಎಂಬುದನ್ನು ಮೊದಲು ನೆನಪಿಡಬೇಕು. ಜಾರ್ಜ್ ವಾಷಿಂಗ್ಟನ್ನನ ಸಾವಿನ ಸುದ್ದಿಯಿರುವ 1800ರ ಜನವರಿ 4ರ 'ಅಲ್‌ಸ್ಟರ್ ಕೌಂಟಿ ಗೆಜೆಟ್' ಮತ್ತು ಲಿಂಕನ್ ಹತ್ಯೆಯ ಸುದ್ದಿಯಿರುವ 1865ರ ಏಪ್ರಿಲ್ 15ರ 'ನ್ಯೂಯಾರ್ಕ್ ಹೆರಾಲ್ಡ್' ಎಷ್ಟು ಸಲ ಮರುಮುದ್ರಣಗೊಂಡವೆಂದರೆ, ಮನೆಯ ಅಟ್ಟದಲ್ಲಿ ಸಿಕ್ಕಿತೆಂದು ಜನ ತರುವ ಪ್ರತಿಗಳಲ್ಲಿ ಬಹುತೇಕ ಎಲ್ಲವೂ ಮರುಮುದ್ರಣಗಳೇ. ಆ ಮರುಮುದ್ರಣಗಳಿಗೂ ಈಗ ನೂರು ವರ್ಷ ದಾಟಿರುವುದರಿಂದ ಕಾಗದ ಹಳದಿಯಾಗಿದೆ ಎಂಬುದು ಯಾವ ಸಾಕ್ಷಿಯೂ ಅಲ್ಲ. ರಿಪ್ಪರ್ ಪ್ರಕರಣದ ಪುಟಗಳನ್ನೂ ಸ್ಮರಣಿಕೆಗಳಾಗಿ ಸಾಕಷ್ಟು ಅಚ್ಚು ಹಾಕಿದ್ದಾರೆ.

ಪರೀಕ್ಷೆಗೆ ಹತ್ತುಪಟ್ಟು ಹಿಗ್ಗಿಸುವ ಮಸೂರವೊಂದು ಸಾಕು. ಹಳೆಯ ಪತ್ರಿಕೆಯಲ್ಲಿ ಅಚ್ಚಿನ ಅಕ್ಷರ ಕಾಗದವನ್ನು ಒತ್ತಿರುತ್ತದೆ. ಪುಟವನ್ನು ತಿರುಗಿಸಿ ದೀಪವನ್ನು ಓರೆಯಾಗಿ ಹಿಡಿದರೆ ಹಿಂಬದಿಯಲ್ಲಿ ಸಣ್ಣ ಉಬ್ಬುಗಳು ಕಾಣುತ್ತವೆ, ಅಕ್ಷರದ ಅಂಚಿನಲ್ಲಿ ಮಸಿ ತುಸು ಹಿಂಡಿಕೊಂಡು ದಟ್ಟವಾಗಿರುತ್ತದೆ. ಅಕ್ಷರವನ್ನು ಒತ್ತದೆ ಮಸಿಯನ್ನಷ್ಟೇ ದಾಟಿಸುವ ಆಫ್‌ಸೆಟ್ ಮುದ್ರಣದ ನಕಲಿನಲ್ಲಿ ಕಾಗದ ಚಪ್ಪಟೆ, ಅಕ್ಷರದ ಅಂಚು ಮಬ್ಬು. ಎರಡನೆಯದು ಚಿತ್ರಗಳು. ಛಾಯಾಚಿತ್ರವನ್ನು ಚುಕ್ಕಿಗಳಾಗಿ ಒಡೆದು ಮುದ್ರಿಸುವ ಹಾಫ್‌ಟೋನ್ ದಿನಪತ್ರಿಕೆಯೊಂದರಲ್ಲಿ ಮೊದಲು ಕಾಣಿಸಿದ್ದು 1880ರ ಮಾರ್ಚ್ 4ರಂದು, ನ್ಯೂಯಾರ್ಕಿನ 'ಡೈಲಿ ಗ್ರಾಫಿಕ್'ನಲ್ಲಿ. ಅದು ಬಳಕೆಗೆ ಇಳಿಯಲು ಇನ್ನೂ ಹತ್ತಿಪ್ಪತ್ತು ವರ್ಷ ಹಿಡಿಯಿತು. 1888ರ ಮರಕೆತ್ತನೆಯ ಚಿತ್ರದಲ್ಲಿ ಇರಬೇಕಾದ್ದು ಗೆರೆ. ಅದೇ ಚಿತ್ರದ ಗೆರೆಗಳು ಮಸೂರದಡಿ ಚುಕ್ಕಿಗಳ ಸಾಲಾಗಿ ಒಡೆದರೆ ಅದು ಛಾಯಾಚಿತ್ರ ತೆಗೆದು ಮಾಡಿದ ಪ್ರತಿ. ಮೂರನೆಯದು ನೇರಳಾತೀತ ದೀಪ: ಕಾಗದವನ್ನು ಬೆಳ್ಳಗೆ ತೋರಿಸಲು ಸೇರಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಸುಮಾರು 1950ರ ಆಚೆಗೆ, ಹಾಗಾಗಿ ಆ ಬೆಳಕಿನಲ್ಲಿ ನೀಲಿಬಿಳಿಯಾಗಿ ಹೊಳೆಯುವ ಹಾಳೆ 1888ರದಾಗಿರಲು ಸಾಧ್ಯವಿಲ್ಲ. ಹೊಳೆಯದಿದ್ದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ. ಬ್ರಿಟನ್ನಿನ 1855ಕ್ಕಿಂತ ಹಿಂದಿನ ಪತ್ರಿಕೆಯಾದರೆ ಮೂಲೆಯಲ್ಲಿ ಸರ್ಕಾರದ ತೆರಿಗೆ ಮುದ್ರೆಯನ್ನೂ ಹುಡುಕಬೇಕು. 1712ರಿಂದ ಆ ವರ್ಷದವರೆಗೆ ಪತ್ರಿಕೆಗಳಿಗೆ ಅದು ಕಡ್ಡಾಯವಾಗಿತ್ತು.

ಇವೆಲ್ಲಕ್ಕಿಂತ ಸರಳವಾದ ಪರೀಕ್ಷೆ ಇನ್ನೊಂದಿದೆ. ಮರುಮುದ್ರಣ ಮಾಡುವವರು ಸಾಮಾನ್ಯವಾಗಿ ಒಂದು ಹಾಳೆಗೋ ನಾಲ್ಕು ಪುಟಕ್ಕೋ ನಿಲ್ಲಿಸುತ್ತಾರೆ. ಡಿಜಿಟಲ್ ಸಂಗ್ರಹದಲ್ಲಿ ಅದೇ ದಿನದ ಮೂಲ ಸಂಚಿಕೆಯನ್ನು ತೆರೆದು ಪುಟಗಳ ಸಂಖ್ಯೆಯನ್ನೂ ಅಂಕಣಗಳ ಅಗಲವನ್ನೂ ಕೊನೆಯ ಪುಟದ ಜಾಹೀರಾತುಗಳನ್ನೂ ಹೋಲಿಸಿ ನೋಡಿದರೆ ಬಹಳಷ್ಟು ಅನುಮಾನ ಅಲ್ಲಿಯೇ ತೀರುತ್ತದೆ.

ಗ್ರಂಥಾಲಯದ ಮುದ್ರೆ ಅಥವಾ ಎಡ ಅಂಚಿನಲ್ಲಿ ಹೊಲಿಗೆಯ ತೂತುಗಳಿದ್ದರೆ ಕೊಳ್ಳಬಹುದೇ?

ಮಾರುಕಟ್ಟೆಯಲ್ಲಿರುವ ಹಳೆಯ ಪತ್ರಿಕೆಗಳಲ್ಲಿ ದೊಡ್ಡ ಪಾಲು ಬಂದಿರುವುದೇ ಗ್ರಂಥಾಲಯಗಳ ಕಟ್ಟು ಸಂಪುಟಗಳಿಂದ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೈಕ್ರೋಫಿಲ್ಮ್ (ಪುಟಗಳ ಪುಟ್ಟ ಛಾಯಾಚಿತ್ರಗಳ ಸುರುಳಿ) ಮಾಡಿಕೊಂಡ ಮೇಲೆ ಅನೇಕ ಗ್ರಂಥಾಲಯಗಳು ಮೂಲ ಸಂಪುಟಗಳನ್ನು ಮಾರಿದವು ಇಲ್ಲವೇ ಎಸೆದವು. ವ್ಯಾಪಾರಿಗಳು ಅವನ್ನು ಬಿಡಿಸಿ ದಿನಕ್ಕೊಂದರಂತೆ ಮಾರಿದರು. ಆದ್ದರಿಂದ ತೂತು, ಕತ್ತರಿಸಿ ಸಮಮಾಡಿದ ಅಂಚು ಇವು ದೋಷವೆನಿಸುವುದಿಲ್ಲ. ಸಂಪುಟದೊಳಗೆ ಬೆಳಕು ಕಾಣದೆ ಇದ್ದ ಹಾಳೆ ಮನೆಯಲ್ಲಿ ಮಡಿಚಿಟ್ಟ ಹಾಳೆಗಿಂತ ಚೆನ್ನಾಗಿಯೇ ಇರುತ್ತದೆ. ಆದರೆ ಗ್ರಂಥಾಲಯದ ಮುದ್ರೆಯಿದ್ದು, ಸಂಗ್ರಹದಿಂದ ತೆಗೆದುಹಾಕಿದ್ದಕ್ಕೆ ಗುರುತಾಗಲಿ ಕಾಗದಪತ್ರವಾಗಲಿ ಇಲ್ಲದಿದ್ದರೆ ಆ ಗ್ರಂಥಾಲಯಕ್ಕೆ ಬರೆದು ಕೇಳಿಯೇ ಹಣ ಕೊಡಬೇಕು. ಕುಖ್ಯಾತ ಪ್ರಕರಣಗಳ ಪುಟಗಳನ್ನು ಸಂಪುಟದಿಂದ ಹರಿದು ಕದಿಯುವವರು ಇದ್ದಾರೆ.

ಬರೀ ಕತ್ತರಿಸಿದ ತುಣುಕುಗಳನ್ನು ಸಂಗ್ರಹಿಸಬಹುದೇ?

ಓದುವುದಕ್ಕಾದರೆ ಸಂಗ್ರಹಿಸಬಹುದು. ಪತ್ರಿಕೆಯ ಹೆಸರು, ದಿನಾಂಕ, ಪುಟ ಯಾವುದೂ ಇಲ್ಲದ ತುಣುಕಿಗೆ ಬೆಲೆ ಹುಟ್ಟುವುದಿಲ್ಲ.

ವರದಿಯೇ ತಪ್ಪಾಗಿದ್ದರೆ ಅಂಥ ಸಂಚಿಕೆಯನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆಯೇ?

ಅದನ್ನೇ ಮೊದಲು ಹುಡುಕಬೇಕು ಎಂಬುದು ಈ ಲೇಖಕನ ಅಭಿಪ್ರಾಯ. 1892ರ ಅಕ್ಟೋಬರ್ 10ರಂದು 'ಬೋಸ್ಟನ್ ಗ್ಲೋಬ್' ತಂದೆ ಮತ್ತು ಮಲತಾಯಿಯನ್ನು ಕೊಂದ ಆರೋಪ ಹೊತ್ತಿದ್ದ ಲಿಜ್ಜಿ ಬೋರ್ಡನ್ ವಿರುದ್ಧ ಪುಟಗಟ್ಟಲೆ ಸಾಕ್ಷ್ಯಗಳನ್ನು ಪ್ರಕಟಿಸಿತು. ಖಾಸಗಿ ಪತ್ತೇದಾರನೊಬ್ಬ ವರದಿಗಾರನಿಗೆ ಮಾರಿದ್ದ ಆ ಸಾಕ್ಷ್ಯವೆಲ್ಲ ಕಟ್ಟುಕಥೆಯೆಂದು ಕೂಡಲೇ ಬಯಲಾಗಿ, ಪತ್ರಿಕೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. 1893ರ ಜೂನ್ 20ರಂದು ನ್ಯಾಯದರ್ಶಿ ಮಂಡಳಿ ಲಿಜ್ಜಿಯನ್ನು ಬಿಡುಗಡೆ ಮಾಡಿತು, ಬೇರೆ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಸುಳ್ಳು ವರದಿಯ ಸಂಚಿಕೆ ಮತ್ತು ಕ್ಷಮೆಯ ಸಂಚಿಕೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡವರ ಬಳಿ, ಖುಲಾಸೆಯ ದಿನದ ಮುಖಪುಟ ಮಾತ್ರ ಇರುವವರಿಗಿಂತ ಹೆಚ್ಚಿನ ಸರಕಿದೆ. ವಿಮಾನ ಅಪಹರಣಕಾರನ ವಿಷಯದಲ್ಲಂತೂ ಪತ್ರಿಕೆಗಳ ತಪ್ಪೇ ಗೆದ್ದಿತು: ಟಿಕೆಟ್ ಕೊಳ್ಳುವಾಗ ಅವನು ಕೊಟ್ಟ ಹೆಸರು ಡ್ಯಾನ್ ಕೂಪರ್, ಸುದ್ದಿ ಕಳಿಸುವ ಅವಸರದಲ್ಲಿ ಅದು ಡಿ. ಬಿ. ಆಯಿತು, ಹಾಗೆಯೇ ಉಳಿಯಿತು. ಎರಡು ಲಕ್ಷ ಡಾಲರ್‌ಗಳೊಂದಿಗೆ ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಹಾರಿದ ಅವನಾರೆಂದು ಇನ್ನೂ ತಿಳಿದಿಲ್ಲ, ಎಫ್‌ಬಿಐ 2016ರಲ್ಲಿ ಸಕ್ರಿಯ ತನಿಖೆಯನ್ನು ನಿಲ್ಲಿಸಿತು.

ಘಟನೆ ನಡೆದ ಊರಿನ ಪತ್ರಿಕೆಯೇ ಬೇಕೇ, ಬೇರೆ ದೇಶದ್ದಾದರೂ ನಡೆಯುತ್ತದೆಯೇ?

ಊರಿನ ಪತ್ರಿಕೆಗೆ ಯಾವಾಗಲೂ ಹೆಚ್ಚು ಬೆಲೆ, ಏಕೆಂದರೆ ಅದರ ವರದಿಗಾರ ಸ್ಥಳಕ್ಕೆ ಹೋಗಿರುತ್ತಾನೆ, ಉಳಿದವರು ತಂತಿ ಸುದ್ದಿಯನ್ನು ಅಚ್ಚು ಹಾಕಿರುತ್ತಾರೆ. ಆದರೆ ಅಟ್ಲಾಂಟಿಕ್ ಸಾಗರದಡಿಯ ತಂತಿ 1866ರಿಂದ ನೆಚ್ಚಿಕೆಯಿಂದ ಕೆಲಸ ಮಾಡುತ್ತಿದ್ದುದರಿಂದ ವೈಟ್‌ಚಾಪೆಲ್‌ನ ಸುದ್ದಿ ಅಮೆರಿಕದ ಸಣ್ಣ ಊರುಗಳಿಗೂ ಒಂದೆರಡು ದಿನಗಳಲ್ಲಿ ತಲುಪುತ್ತಿತ್ತು, ಅಂಥ ಸಂಚಿಕೆಗಳು ಲಂಡನ್ನಿನವಕ್ಕಿಂತ ಬಹಳ ಅಗ್ಗ. ಕೈಯಲ್ಲಿ ಹಣ ಕಡಿಮೆಯಿದ್ದು 1888ರ ಅಸಲಿ ಹಾಳೆಯೊಂದನ್ನು ಹೊಂದುವ ಆಸೆಯಿರುವವರಿಗೆ ಇದು ಒಳ್ಳೆಯ ದಾರಿ.

ಕೆಲವೊಮ್ಮೆ ಒಂದೇ ಪತ್ರಿಕೆ ಸಾಲುವುದೂ ಇಲ್ಲ. ಜೋಡಿಯಾಕ್ ಎಂದು ಕರೆದುಕೊಂಡ ಕೊಲೆಗಾರ 1969ರ ಜುಲೈ ಕೊನೆಯಲ್ಲಿ 408 ಚಿಹ್ನೆಗಳ ಗೂಢಲಿಪಿಯನ್ನು ಮೂರು ತುಂಡು ಮಾಡಿ 'ವ್ಯಾಲೆಹೋ ಟೈಮ್ಸ್-ಹೆರಾಲ್ಡ್', 'ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್', 'ಸ್ಯಾನ್ ಫ್ರಾನ್ಸಿಸ್ಕೊ ಎಕ್ಸಾಮಿನರ್' ಈ ಮೂರಕ್ಕೂ ಒಂದೊಂದನ್ನು ಕಳಿಸಿದ. ಕ್ರಾನಿಕಲ್ ತನ್ನ ತುಂಡನ್ನು ಆಗಸ್ಟ್ 2ರಂದು ನಾಲ್ಕನೆಯ ಪುಟದಲ್ಲಿ ಪ್ರಕಟಿಸಿತು, ಮುಖಪುಟದಲ್ಲಿ ಅಲ್ಲ. ಮುಖಪುಟವನ್ನಷ್ಟೇ ನೋಡಿ ಕಟ್ಟನ್ನು ಬದಿಗಿಡುವವರ ಕೈಯಿಂದ ಇಂಥವು ಜಾರಿಹೋಗುತ್ತವೆ.

ಪತ್ರಿಕೆಗಳನ್ನು ಮನೆಯಲ್ಲಿ ಕಾಪಾಡುವುದು ಹೇಗೆ?

ಬೆಳಕು, ಬಿಸಿ, ತೇವ ಇವು ಮೂರನ್ನು ದೂರವಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಹಾಳೆಗಳನ್ನು ಮಡಿಚದೆ, ಆಮ್ಲರಹಿತ ಕಾಗದದ ಹೊದಿಕೆಯೊಳಗೆ, ಅಳತೆಗೆ ತಕ್ಕ ಆಮ್ಲರಹಿತ ಪೆಟ್ಟಿಗೆಯಲ್ಲಿ ಅಂಗಾತ ಇಡಬೇಕು. ಕೋಣೆಯ ತಾಪಮಾನ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದಷ್ಟೂ ಒಳ್ಳೆಯದು. ಸಾಪೇಕ್ಷ ತೇವಾಂಶ ಶೇಕಡ 35ರಿಂದ 50ರ ನಡುವೆ ಸ್ಥಿರವಾಗಿರಬೇಕು. ಏರಿಳಿತ ಹೆಚ್ಚಿರುವ ಅಟ್ಟ, ನೀರು ಜಿನುಗುವ ನೆಲಮಾಳಿಗೆ ಎರಡೂ ಕೂಡದು. ಪಿವಿಸಿ ಪ್ಲಾಸ್ಟಿಕ್ ಹಾಳೆಗಳು ಕಾಲಕ್ರಮೇಣ ಆಮ್ಲೀಯ ಆವಿ ಬಿಡುವುದರಿಂದ ಪಾಲಿಯೆಸ್ಟರ್ ಹಾಳೆಯನ್ನೇ ಬಳಸಬೇಕು; ಅದನ್ನೂ ನಾಲ್ಕು ಅಂಚು ಮುಚ್ಚಿ ಬಿಗಿ ಮಾಡಬಾರದು, ಏಕೆಂದರೆ ಮರದ ತಿರುಳಿನ ಕಾಗದ ಹೊರಬಿಡುವ ಆಮ್ಲ ಒಳಗೇ ಸಿಕ್ಕಿಕೊಂಡು ಕೇಡು ಇನ್ನಷ್ಟು ಬೇಗ ಆಗುತ್ತದೆ.

ಹರಿದ ಜಾಗಕ್ಕೆ ಅಂಟುಪಟ್ಟಿ ಹಚ್ಚುವುದೂ ಲ್ಯಾಮಿನೇಷನ್ ಮಾಡಿಸುವುದೂ ಸರಿಪಡಿಸಲಾಗದ ಹಾನಿ. ಅಂಟು ಕಂದಾಗಿ ಒಸರಿ ಅಕ್ಷರದೊಳಗೆ ಇಳಿಯುತ್ತದೆ, ಲ್ಯಾಮಿನೇಷನ್ನನ್ನು ಬಿಚ್ಚಲು ಬರುವುದೇ ಇಲ್ಲ. ಕಾಗದ ಸಂರಕ್ಷಕರು ತೆಳುವಾದ ಜಪಾನಿ ಕಾಗದವನ್ನು ಗೋಧಿ ಗಂಜಿಯ ಅಂಟಿನಿಂದ ಹಚ್ಚುತ್ತಾರೆ. ಬೇಕೆಂದಾಗ ತೇವ ಮಾಡಿ ತೆಗೆಯಬಹುದು. ಆಮ್ಲವನ್ನು ತಣಿಸುವ ಕ್ಷಾರ ಸಿಂಪಡಣೆಗಳು ಮುಂದಿನ ಕೇಡನ್ನು ನಿಧಾನಗೊಳಿಸುತ್ತವೆ, ಆಗಲೇ ಪೆಡಸಾದ ಹಾಳೆಯನ್ನು ಮೆದುಗೊಳಿಸುವುದಿಲ್ಲ. ದೊಡ್ಡ ಸಂಸ್ಥೆಗಳ ಕ್ರಮ ಬೇರೆ ಮಟ್ಟದ್ದು: ಬ್ರಿಟಿಷ್ ಲೈಬ್ರರಿ ತನ್ನ ಪತ್ರಿಕೆಗಳನ್ನು ಇಂಗ್ಲೆಂಡಿನ ಬಾಸ್ಟನ್ ಸ್ಪಾ ಎಂಬ ಊರಿನಲ್ಲಿ ಕತ್ತಲೆಯ, ಬೆಂಕಿ ಹತ್ತದಷ್ಟು ಆಮ್ಲಜನಕ ಕಡಿಮೆ ಮಾಡಿದ ಕಟ್ಟಡದಲ್ಲಿ ಇಟ್ಟಿದೆ, ಸಂಪುಟಗಳನ್ನು ತೆಗೆಯುವುದು ಯಂತ್ರಗಳು.

ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದೇ?

ಉತ್ತಮ ಪ್ರತಿಯೊಂದನ್ನು ಮಾಡಿಸಿ ಅದಕ್ಕೆ ಚೌಕಟ್ಟು ಹಾಕಿಸುವುದು ವಾಸಿ. ನೇರಳಾತೀತ ಕಿರಣವನ್ನು ತಡೆಯುವ ಗಾಜು ಕೂಡ ಬೆಳಕಿನ ಹಾನಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ಎಲ್ಲವೂ ಡಿಜಿಟಲ್ ಆಗಿ ಸಿಗುವಾಗ ಮೂಲ ಪ್ರತಿ ಏಕೆ ಬೇಕು?

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ 'ಕ್ರಾನಿಕ್ಲಿಂಗ್ ಅಮೆರಿಕ', ಆಸ್ಟ್ರೇಲಿಯದ 'ಟ್ರೋವ್', ನ್ಯೂಜಿಲೆಂಡಿನ 'ಪೇಪರ್ಸ್ ಪಾಸ್ಟ್' ಇವು ಉಚಿತವಾಗಿವೆ, ಚಂದಾ ಪಡೆಯುವ 'ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್' ಕೂಡ ಇದೆ. ಸಂಗ್ರಹಕಾರರು ಇವನ್ನು ಬಳಸದೆ ಒಂದು ಸಂಚಿಕೆಯನ್ನೂ ಕೊಳ್ಳಬಾರದು. ಆದರೆ ಅವುಗಳಲ್ಲಿ ದೊಡ್ಡ ಭಾಗ ಮೈಕ್ರೋಫಿಲ್ಮ್‌ನಿಂದ ಬಂದದ್ದು, ಮೈಕ್ರೋಫಿಲ್ಮ್‌ಗೆ ಸಾಮಾನ್ಯವಾಗಿ ಸಿಕ್ಕಿದ್ದು ದಿನದ ಒಂದೇ ಆವೃತ್ತಿ. ಕೊಲೆಯ ದಿನ ಸಂಜೆಪತ್ರಿಕೆಯೊಂದು ಗಂಟೆಗೊಂದರಂತೆ ಆವೃತ್ತಿ ತಂದಿದ್ದರೆ, ಮಧ್ಯಾಹ್ನದ ಆವೃತ್ತಿಯಲ್ಲಿದ್ದ ಸಾಕ್ಷಿಯ ಹೇಳಿಕೆ ರಾತ್ರಿಯ ಆವೃತ್ತಿಯಿಂದ ಬಿಟ್ಟುಹೋಗಿರಬಹುದು. ಹೆಸರುಫಲಕದ ಪಕ್ಕದಲ್ಲಿ ಸಣ್ಣದಾಗಿ ಅಚ್ಚಾದ ಆವೃತ್ತಿಯ ಗುರುತನ್ನೂ, ಕೊನೆಯ ಗಳಿಗೆಯ ಸುದ್ದಿಗೆಂದು ಖಾಲಿ ಬಿಟ್ಟು ಆಮೇಲೆ ತುಂಬಿದ ಪೆಟ್ಟಿಗೆಯನ್ನೂ ಮೂಲ ಪ್ರತಿಗಳಲ್ಲಿ ಹೋಲಿಸುವುದೇ ಈ ಹವ್ಯಾಸದ ನಿಜವಾದ ಕೆಲಸ.

ಸತ್ತವರ ದುರಂತವನ್ನು ಹವ್ಯಾಸ ಮಾಡಿಕೊಳ್ಳುವುದು ಸರಿಯೇ?

ಪ್ರಶ್ನೆ ನ್ಯಾಯವಾದದ್ದೇ. ಈ ಪತ್ರಿಕೆಗಳಲ್ಲಿ ಎಷ್ಟೋ ಕಡೆ ಕೊಲೆಯಾದವರನ್ನು ಕೊಲೆಗಾರನಿಗಿಂತ ಕೀಳಾಗಿ ಕಂಡಿದ್ದಾರೆ. 1947ರಲ್ಲಿ ಲಾಸ್ ಏಂಜಲೀಸ್‌ನ ಪತ್ರಿಕೆಯೊಂದರ ವರದಿಗಾರರು ಎಲಿಜಬೆತ್ ಶಾರ್ಟ್‌ಳ ತಾಯಿಗೆ ಫೋನ್ ಮಾಡಿ, ಮಗಳು ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದಿದ್ದಾಳೆಂದು ಹೇಳಿ ವಿವರಗಳನ್ನೆಲ್ಲ ಬಾಯಿಬಿಡಿಸಿ, ಆಮೇಲೆ ಸಾವಿನ ಸುದ್ದಿ ತಿಳಿಸಿದರು. ಅಂಥ ಸಂಚಿಕೆಯನ್ನು ಇಟ್ಟುಕೊಂಡವರು ಅದು ಹೇಗೆ ತಯಾರಾಯಿತೆಂಬುದನ್ನೂ ಟಿಪ್ಪಣಿಯಲ್ಲಿ ಬರೆದಿಡಬೇಕು. ಶವದ ಚಿತ್ರವಿರುವ ಪುಟಗಳನ್ನು ಪ್ರದರ್ಶಿಸದಿರುವುದು, ಬದುಕಿರುವ ಬಂಧುಗಳಿರುವ ಇತ್ತೀಚಿನ ಪ್ರಕರಣಗಳಿಂದ ದೂರವಿರುವುದು, ಪೊಲೀಸ್ ಕಡತದಿಂದ ಹೊರಬಿದ್ದಂತೆ ಕಾಣುವ ವಸ್ತುಗಳನ್ನು ಮುಟ್ಟದಿರುವುದು ಅನೇಕ ಸಂಗ್ರಹಕಾರರು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ಪತ್ರಿಕೆ ಸಾರ್ವಜನಿಕವಾಗಿ ಮಾರಾಟವಾದದ್ದು, ಸಾಕ್ಷ್ಯ ಹಾಗಲ್ಲ.

ಮುಂದೊಂದು ದಿನ ಪ್ರಕರಣ ಬಗೆಹರಿದರೆ ಸಂಗ್ರಹದ ಬೆಲೆ ಕುಸಿಯುತ್ತದೆಯೇ?

ಕುಸಿಯಲೇಬೇಕೆಂದಿಲ್ಲ. ಜೋಡಿಯಾಕ್‌ನ 340 ಚಿಹ್ನೆಗಳ ಇನ್ನೊಂದು ಗೂಢಲಿಪಿಯನ್ನು 2020ರ ಡಿಸೆಂಬರಿನಲ್ಲಿ ಮೂವರು ಹವ್ಯಾಸಿಗಳು ಬಿಡಿಸಿದಾಗ ಅದರಲ್ಲಿ ಹೆಸರು ಸಿಗಲಿಲ್ಲ, ಆದರೆ ಅದನ್ನು ಮೊದಲು ಅಚ್ಚು ಹಾಕಿದ 1969ರ ನವೆಂಬರಿನ ಕ್ರಾನಿಕಲ್ ಸಂಚಿಕೆಯನ್ನು ಹೊಸದಾಗಿ ಓದುವಂತಾಯಿತು. 1948ರ ಡಿಸೆಂಬರ್ 1ರಂದು ಅಡಿಲೇಡ್ ಬಳಿಯ ಸೋಮರ್ಟನ್ ಕಡಲತೀರದಲ್ಲಿ ಸಿಕ್ಕ ಅನಾಮಧೇಯನ ಶವವನ್ನು 2021ರಲ್ಲಿ ಹೊರತೆಗೆದು, ಮರುವರ್ಷ ಡಿಎನ್‌ಎ ಸಂಶೋಧಕರು ಅವನ ಗುರುತು ಹತ್ತಿತೆಂದು ಪ್ರಕಟಿಸಿದ ಮೇಲೂ, ಅವನು ಸತ್ತದ್ದು ಹೇಗೆಂಬುದು ತೀರ್ಮಾನವಾಗಲಿಲ್ಲ. ಇಂಥ ಸಂದರ್ಭದಲ್ಲಿ ಮೂಲ ಸಂಚಿಕೆಯ ಜೊತೆಗೆ ಬಿಡಿಸಿದ ಸುದ್ದಿಯಿರುವ ಹೊಸ ಪತ್ರಿಕೆಯನ್ನೂ ಅದೇ ವಾರ ಕೊಂಡು, ಬೇರೆ ಹೊದಿಕೆಯಲ್ಲಿ ಅದೇ ಪೆಟ್ಟಿಗೆಯಲ್ಲಿ ಇಡಬೇಕು. ಇಂದಿನ ಪತ್ರಿಕಾ ಕಾಗದದ ಬಾಳಿಕೆಯೂ ಹೆಚ್ಚಲ್ಲ, ಹೊಸದೆಂದು ಅಸಡ್ಡೆ ಮಾಡಿದರೆ ಮೊದಲು ಹಳದಿಯಾಗುವುದು ಅದೇ.